ಅಲರ್ಜಿ ಮಾತ್ರೆ ಕೊಡುವಾಗ ಎರಡು ಮಾತು ಹೇಳಿ
ಕರ್ನಾಟಕದ ಮೆಡಿಕಲ್ ಶಾಪ್ ಮಾಲೀಕರಿಗೆ, ಫಾರ್ಮಸಿಸ್ಟರಿಗೆ, ಕೌಂಟರ್‌ನಲ್ಲಿ ನಿಂತು ಔಷಧ ಕೊಡುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಮಕ್ಕಳ ವೈದ್ಯೆ. ನಾನು ಬರೆದ ಚೀಟಿ ಹಿಡಿದು ತಂದೆತಾಯಿ ನೇರವಾಗಿ ಬರುವುದು ನಿಮ್ಮ ಅಂಗಡಿಗೆ. ರಾತ್ರಿ ಹನ್ನೊಂದಕ್ಕೆ ಯಾರದೋ ಮಗುವಿಗೆ ಜ್ವರವೆಂದರೆ, ಅರ್ಧ ಎಳೆದ ಶಟರ್ ಮತ್ತೆ ಎತ್ತಿ ಔಷಧ ಕೊಟ್ಟು ಕಳಿಸುವವರು ನೀವು. ಆ ಗೌರವ ಇಟ್ಟುಕೊಂಡೇ ಒಂದು ಔಷಧದ ಬಗ್ಗೆ ನಿಮ್ಮ ಜೊತೆ ಮಾತಾಡಬೇಕಿದೆ. ಅದರ ಹೆಸರು ಮಾಂಟೆಲುಕಾಸ್ಟ್.

ನಿಮ್ಮ ಗಿರಾಕಿಗಳು ಆ ಹೆಸರು ಹೇಳುವುದು ಕಡಿಮೆ. ‘ಎಲ್‌ಸಿ ಒಂದು ಶೀಟ್ ಕೊಡಿ’ ಅನ್ನುತ್ತಾರೆ, ‘ಡಸ್ಟ್ ಅಲರ್ಜಿ ಮಾತ್ರೆ ಐದು ಕೊಡಿ’ ಅನ್ನುತ್ತಾರೆ, ಇಲ್ಲವೇ ಖಾಲಿ ಸ್ಟ್ರಿಪ್ಪನ್ನೇ ಕೌಂಟರ್ ಮೇಲಿಟ್ಟು ‘ಇದೇ’ ಅನ್ನುತ್ತಾರೆ. ಮಾಂಟೆಕ್ ಎಲ್‌ಸಿ, ಮಾಂಟೇರ್ ಎಲ್‌ಸಿ ಸೇರಿದಂತೆ ಹತ್ತಾರು ಹೆಸರುಗಳಲ್ಲಿ, ಲಿವೊಸೆಟ್ರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್‌ಗಳ ಜೊತೆ ಸೇರಿಸಿ, ಮಕ್ಕಳಿಗೆ ಸಿರಪ್ಪಾಗಿ, ಜಗಿಯುವ ಮಾತ್ರೆಯಾಗಿ ಈ ಔಷಧ ನಿಮ್ಮ ಕಪಾಟಿನಲ್ಲಿದೆ. ಚಳಿಗಾಲ ಬಂದರೆ ಕೈಗೆಟಕುವ ಹಲಗೆಯಲ್ಲೇ ಇರುತ್ತದೆ.

ವೈದ್ಯರನ್ನು ಬಿಟ್ಟು ನಿಮಗೇಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಚೀಟಿ ಬರೆಯುವವರು ನಾವು ನಿಜ. ಆದರೆ ಈ ಮಾತ್ರೆ ಒಂದು ಮನೆಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ತೀರ್ಮಾನವಾಗುವುದು ನಿಮ್ಮ ಕೌಂಟರ್‌ನಲ್ಲಿ. ಹದಿನೈದು ದಿನಕ್ಕೆಂದು ಬರೆದದ್ದು, ಚೀಟಿ ಹರಿದುಹೋದ ಮೇಲೂ, ವೈದ್ಯರ ಮುಖ ಮತ್ತೆ ನೋಡದೆಯೂ ವರ್ಷಗಟ್ಟಲೆ ಸಾಗುತ್ತದೆ. ಆ ವರ್ಷಗಳಲ್ಲಿ ಆ ಕುಟುಂಬ ಔಷಧ ಬಲ್ಲವರೊಬ್ಬರ ಎದುರು ನಿಲ್ಲುವುದಿದ್ದರೆ ಅದು ನಿಮ್ಮ ಎದುರು ಮಾತ್ರ. ಎಚ್ಚರಿಕೆಯ ಮಾತು ಅವರಿಗೆ ತಲುಪಬೇಕಾದರೆ ನಿಮ್ಮ ಬಾಯಿಂದಲೇ ತಲುಪಬೇಕು.

ಮೊದಲು ಈ ಔಷಧಕ್ಕೆ ಸಲ್ಲಬೇಕಾದ ಮಾತು. ಇದು ಕೆಟ್ಟ ಔಷಧವಲ್ಲ. 1938ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆಲ್ಡ್‌ಬರ್ಗ್ ಮತ್ತು ಕೆಲ್ಲವೇ ಎಂಬ ವಿಜ್ಞಾನಿಗಳು ಗಿನಿಯಿಲಿಯ ಶ್ವಾಸಕೋಶಕ್ಕೆ ನಾಗರಹಾವಿನ ವಿಷ ಹಾಯಿಸಿ ನೋಡಿದಾಗ, ಸ್ನಾಯುವನ್ನು ನಿಧಾನವಾಗಿ ಬಿಗಿದು ಬಹಳ ಹೊತ್ತು ಹಿಡಿದಿಡುವ ವಸ್ತುವೊಂದು ಹೊರಬರುವುದು ಕಂಡಿತು. ಅದರ ಗುಟ್ಟು ಬಿಡಿಸಲು ನಾಲ್ಕು ದಶಕ ಹಿಡಿಯಿತು. ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ಸಂಗಡಿಗರು 1979ರಲ್ಲಿ ಅದೇ ಬಗೆಯ ವಸ್ತುಗಳಿಗೆ ಲ್ಯೂಕೋಟ್ರಯೀನ್ ಎಂದು ಹೆಸರಿಟ್ಟರು. ಧೂಳು, ಪರಾಗ, ವೈರಸ್ ತಾಗಿದಾಗ ಆಸ್ತಮಾ ಇರುವವರ ಶ್ವಾಸನಾಳ ಕುಗ್ಗುವುದು, ಊದುವುದು, ಲೋಳೆ ತುಂಬಿಕೊಳ್ಳುವುದು, ಇವುಗಳ ಹಿಂದೆ ಲ್ಯೂಕೋಟ್ರಯೀನ್‌ಗಳ ಕೈವಾಡವಿದೆ. ಅವು ಶ್ವಾಸನಾಳದ ಕೋಶಗಳಿಗೆ ಅಂಟಿಕೊಳ್ಳುವ ಜಾಗವನ್ನು ಮಾಂಟೆಲುಕಾಸ್ಟ್ ಮುಚ್ಚುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1998ರ ಫೆಬ್ರವರಿಯಲ್ಲಿ, ಸಿಂಗುಲೇರ್ ಎಂಬ ಹೆಸರಿನಲ್ಲಿ.

ದಿನಕ್ಕೊಂದೇ ಮಾತ್ರೆ. ಆಸ್ತಮಾಕ್ಕಾದರೆ ಸಂಜೆ ಅಥವಾ ರಾತ್ರಿ. ಊಟಕ್ಕೆ ಮುಂಚೆಯೋ ನಂತರವೋ ಎಂಬ ಕಟ್ಟುಪಾಡಿಲ್ಲ. ಐದು ವರ್ಷದವರೆಗಿನ ಮಕ್ಕಳಿಗೆ 4 ಮಿಲಿಗ್ರಾಂ, 6ರಿಂದ 14 ವರ್ಷದವರಿಗೆ 5 ಮಿಲಿಗ್ರಾಂ, 15 ತುಂಬಿದವರಿಗೆ 10 ಮಿಲಿಗ್ರಾಂ. ಇನ್ಹೇಲರ್ ಒಂದರಿಂದಲೇ ಆಸ್ತಮಾ ಹತೋಟಿಗೆ ಬಾರದ ಮಕ್ಕಳಿಗೆ ಇದನ್ನು ಜೊತೆಗೆ ಕೊಡುತ್ತೇವೆ. ಓಡಿದರೆ, ಆಡಿದರೆ ಎದೆ ಬಿಗಿಯುವವರಿಗೂ ಇದರಿಂದ ಅನುಕೂಲವುಂಟು. ಬೇರೆ ಔಷಧಕ್ಕೆ ಬಗ್ಗದ ಅಲರ್ಜಿ ನೆಗಡಿಗೂ ಕೊಡುವುದಿದೆ. ಇದರಿಂದ ರಾತ್ರಿ ಕೆಮ್ಮಿಲ್ಲದೆ ಮಲಗುವಂತಾದ ಮಕ್ಕಳನ್ನು ನಾನು ಕಂಡಿದ್ದೇನೆ. ಅಂಥ ಮಗುವಿನ ತಾಯಿಗೆ ಮಾತ್ರೆ ನಿಲ್ಲಿಸಿ ಎಂದು ಹೇಳಿ ಹೆದರಿಸುವುದು ಈ ಪತ್ರದ ಉದ್ದೇಶವಲ್ಲ.

ಆದರೆ ಇದು ಏನಲ್ಲ ಎಂಬುದೂ ಗೊತ್ತಿರಬೇಕು. ಇದು ಉಬ್ಬಸ ಏರಿದಾಗ ಇಳಿಸುವ ಔಷಧವಲ್ಲ. ದಿನವೂ ತೆಗೆದುಕೊಂಡರೆ ಊತ ತಗ್ಗಿಸುತ್ತದೆಯೇ ಹೊರತು, ಏದುಸಿರು ಬಿಡುತ್ತಿರುವವರ ಶ್ವಾಸನಾಳವನ್ನು ಆ ಗಳಿಗೆಯಲ್ಲಿ ತೆರೆಯುವುದಿಲ್ಲ. ಇದು ಆಸ್ತಮಾದ ಮೊದಲ ಔಷಧವೂ ಅಲ್ಲ. ಆ ಜಾಗ ಇನ್ಹೇಲರ್ ಮೂಲಕ ಒಳಗೆಳೆಯುವ ಸ್ಟೀರಾಯ್ಡ್‌ನದು. ಆಸ್ತಮಾ ಹತೋಟಿಯಲ್ಲಿ ಅದಕ್ಕಿರುವ ಬಲ ಮಾಂಟೆಲುಕಾಸ್ಟ್‌ಗೆ ಇಲ್ಲ. ಅಲರ್ಜಿ ನೆಗಡಿಯಲ್ಲೂ ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಇದಕ್ಕಿಂತ ಮೇಲು. ಬರೀ ಶೀತ, ಕೆಮ್ಮಿಗಂತೂ ಇದು ಬೇಕಿಲ್ಲ. ಕೋವಿಡ್ ಕಾಲದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೊಟ್ಟದ್ದು ನಿಮಗೆ ನೆನಪಿರಬಹುದು. ಮುಂದೆ ಅಮೆರಿಕದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ ನೋಡಿದಾಗ, ಮನೆಯಲ್ಲೇ ಇದ್ದ ಕೋವಿಡ್ ರೋಗಿಗಳು ಇದರಿಂದ ಬೇಗ ಗುಣವಾಗಲಿಲ್ಲ ಎಂದು ಗೊತ್ತಾಯಿತು.

ಈಗ ಸುರಕ್ಷತೆಯ ಮಾತಿಗೆ ಬರುತ್ತೇನೆ. ಹೆಚ್ಚಿನವರಿಗೆ ಈ ಮಾತ್ರೆಯಿಂದ ತೊಂದರೆ ಆಗುವುದಿಲ್ಲ, ಆದರೂ ತಲೆನೋವು, ಹೊಟ್ಟೆನೋವು ಬರಬಹುದು. ನಿಮ್ಮ ಗಮನಕ್ಕೆ ತರಬೇಕಾದದ್ದು ಬೇರೆಯೇ ಇದೆ. ಕೆಲವರಲ್ಲಿ ಇದು ನಿದ್ದೆ ಮತ್ತು ಮನಸ್ಸಿನ ಮೇಲೆ ಪರಿಣಾಮ ಮಾಡುತ್ತದೆ. ಕೆಟ್ಟ ಕನಸು, ನಿದ್ದೆಯಲ್ಲಿ ಎದ್ದು ನಡೆಯುವುದು, ಕಾರಣವಿಲ್ಲದ ಸಿಟ್ಟು, ಹೊಡೆದಾಟ, ಚಡಪಡಿಕೆ, ಅಳು, ಮಂಕು, ಇಲ್ಲದ್ದು ಕಂಡಂತಾಗುವುದು, ತೊದಲು, ಮರೆವು, ಮತ್ತು ಕೆಲವೊಮ್ಮೆ ಸಾಯಬೇಕೆನ್ನುವ ಯೋಚನೆ. ಮೊದಲು ಮನೋರೋಗದ ಸುಳಿವೇ ಇಲ್ಲದವರಲ್ಲೂ ಹೀಗಾಗಿದೆ. ಹೆಚ್ಚಿನವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋಗಿದೆ. ಕೆಲವರಲ್ಲಿ ನಿಲ್ಲಿಸಿದ ಮೇಲೂ ಉಳಿದಿದೆ, ನಿಲ್ಲಿಸಿದ ನಂತರವೇ ಶುರುವಾದದ್ದೂ ಇದೆ.

ಇಂಥ ದೂರುಗಳು ಬಂದ ಮೇಲೆ ಎಫ್‌ಡಿಎ 2008ರಲ್ಲಿ ಪರಿಶೀಲನೆಗೆ ತೊಡಗಿತು, ಮರುವರ್ಷ ಔಷಧದ ಮಾಹಿತಿ ಪತ್ರದಲ್ಲಿ ಎಚ್ಚರಿಕೆ ಸೇರಿಸಿತು. ಅಷ್ಟು ಸಾಲದೆಂದು 2020ರ ಮಾರ್ಚ್‌ನಲ್ಲಿ ತನ್ನಲ್ಲಿರುವ ಅತಿ ಕಟುವಾದ ಎಚ್ಚರಿಕೆ, ಅಂದರೆ ಕಪ್ಪು ಚೌಕಟ್ಟಿನೊಳಗಿನ ಎಚ್ಚರಿಕೆ ಹಾಕಿಸಿತು. ಅಲರ್ಜಿ ನೆಗಡಿ ಹಗುರವಾಗಿದ್ದರೆ ಇದನ್ನು ಕೊಡಬೇಡಿ, ಬೇರೆ ಔಷಧ ಕೆಲಸ ಮಾಡದಿದ್ದರೆ ಅಥವಾ ಒಗ್ಗದಿದ್ದರೆ ಮಾತ್ರ ಕೊಡಿ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿತು. ಬ್ರಿಟನ್ನಿನ ಔಷಧ ನಿಯಂತ್ರಕರು 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಇದೇ ವಿಷಯವನ್ನು ವೈದ್ಯರಿಗೂ ಫಾರ್ಮಸಿಸ್ಟರಿಗೂ ನೆನಪಿಸಿದರು.

ಇದರ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಎಫ್‌ಡಿಎಯೇ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ, ಇನ್ಹೇಲರ್ ಸ್ಟೀರಾಯ್ಡ್ ಬಳಸುವವರಿಗಿಂತ ಮಾಂಟೆಲುಕಾಸ್ಟ್ ಬಳಸುವವರು ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದು ಹೆಚ್ಚಾಗಿ ಕಾಣಲಿಲ್ಲ. ಆದರೆ ರಾತ್ರಿ ಬೆಚ್ಚಿಬೀಳುವ ಮಗು, ಶಾಲೆಯಲ್ಲಿ ಹೊಡೆದಾಡುವ ಮಗು ಆಸ್ಪತ್ರೆಗೆ ದಾಖಲಾಗುವುದಿಲ್ಲ. ಅಂಥ ಲೆಕ್ಕದಲ್ಲಿ ಅವರು ಸಿಗುವುದೂ ಇಲ್ಲ. ತೊಂದರೆ ಎಲ್ಲರಿಗೂ ಆಗುವುದಿಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ಹೇಳಲೂ ಬರುವುದಿಲ್ಲ. ಹಾಗಿರುವಾಗ ಮನೆಯವರಿಗೆ ತಿಳಿಸಿಡುವುದೊಂದೇ ದಾರಿ.

ತಿಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಮಗುವಿನ ವಿಷಯ ಹೇಳುತ್ತೇನೆ. ಏಳು ವರ್ಷದ ಹುಡುಗ. ನಡುರಾತ್ರಿ ಎದ್ದು ಬಾಗಿಲ ಬಳಿ ನಿಂತು ಅಳುತ್ತಿದ್ದ, ಎತ್ತಿಕೊಂಡರೆ ತಾಯಿಯನ್ನೇ ತಳ್ಳುತ್ತಿದ್ದ. ಶಾಲೆಯಲ್ಲಿ ಪಕ್ಕದ ಹುಡುಗನ ಕೈ ಕಚ್ಚಿದ್ದ. ಮನೆಯವರು ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು, ಮೊಬೈಲ್ ಕಿತ್ತಿಟ್ಟರು. ಅವನಿಗೆ ಯಾವ ಔಷಧ ನಡೆಯುತ್ತಿದೆ ಎಂದು ಕೇಳಿದಾಗ ‘ಏನೂ ಇಲ್ಲ ಮೇಡಂ, ಬರೀ ಅಲರ್ಜಿ ಮಾತ್ರೆ’ ಎಂದರು ತಾಯಿ. ತೋರಿಸಿ ಎಂದೆ. ಪರ್ಸಿನ ಒಳಜೇಬಿನಿಂದ ತೆಗೆದದ್ದು ಕತ್ತರಿಸಿದ ಸ್ಟ್ರಿಪ್ಪಿನ ತುಂಡು, ಎರಡು ಮಾತ್ರೆ ಉಳಿದಿದ್ದವು. ಹಿಂಬದಿಯ ಬೆಳ್ಳಿ ಹಾಳೆಯಲ್ಲಿ ಹೆಸರಿನ ಬಾಲ ಮಾತ್ರ ಕಾಣುತ್ತಿತ್ತು. ಉಳಿದ ಹೆಸರು, ಅವಧಿ ಮುಗಿಯುವ ತಿಂಗಳು, ಕೆಂಪು ಅಕ್ಷರದ ಎಚ್ಚರಿಕೆ ಕತ್ತರಿಯ ಆಚೆಗೆ ಹೋಗಿದ್ದವು. ಅದರ ಮೇಲೆ ಮಾರ್ಕರ್‌ನಲ್ಲಿ ‘ರಾತ್ರಿ 1’ ಎಂದು ಬರೆದಿತ್ತು. ಎರಡು ಮಳೆಗಾಲದ ಹಿಂದೆ ಯಾರೋ ವೈದ್ಯರು ಮೂಗು ಸೋರುತ್ತದೆಂದು ಬರೆದುಕೊಟ್ಟಿದ್ದಂತೆ. ಅಂದಿನಿಂದ ಮುಗಿದಾಗಲೆಲ್ಲ ತಂದು ಕೊಟ್ಟಿದ್ದಾರೆ.

ಮಾತ್ರೆ ನಿಲ್ಲಿಸಿದೆವು, ಮೂಗಿನ ಸ್ಪ್ರೇ ಶುರುಮಾಡಿದೆವು. ಕೆಲವು ವಾರಗಳಲ್ಲಿ ಅವನ ರಾತ್ರಿಗಳು ಶಾಂತವಾದವು, ಶಾಲೆಯ ದೂರು ನಿಂತಿತು. ಎಲ್ಲ ಮಕ್ಕಳ ಹಟಕ್ಕೂ ಸಿಟ್ಟಿಗೂ ಮಾತ್ರೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಆ ತಾಯಿಗೆ ಹೀಗೂ ಆಗಬಹುದು ಎಂದು ಒಬ್ಬರಾದರೂ ಮೊದಲೇ ಹೇಳಿದ್ದರೆ, ಆ ಮಗು ಅಷ್ಟು ತಿಂಗಳು ಕಷ್ಟಪಡಬೇಕಿರಲಿಲ್ಲ. ಅದಕ್ಕಾಗಿ ನಿಮ್ಮಲ್ಲಿ ಕೆಲವು ಬೇಡಿಕೆಗಳಿವೆ.

ಮೊದಲನೆಯದು, ಖಾಲಿ ಸ್ಟ್ರಿಪ್ ತೋರಿಸಿದವರನ್ನು ಒಂದು ಪ್ರಶ್ನೆ ಕೇಳಿ: ‘ಯಾರಿಗೆ, ಎಷ್ಟು ದಿನದಿಂದ ತಗೊಳ್ತಿದ್ದೀರಿ?’ ಇದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧವೆಂದು ಸ್ಟ್ರಿಪ್ಪಿನ ಮೇಲೇ ಬರೆದಿರುತ್ತದೆ. ಚೀಟಿ ಹಳೆಯದಾಗಿದ್ದರೆ ಅಥವಾ ಇಲ್ಲದಿದ್ದರೆ ವೈದ್ಯರ ಬಳಿ ಕಳಿಸಿ.

ಎರಡನೆಯದು, ಮಾತ್ರೆ ಕೈಗೆ ಕೊಡುವಾಗ ಎರಡೇ ಮಾತು ಹೇಳಿ: ‘ಇದು ತಗೊಳ್ಳೋವಾಗ ನಿದ್ದೆ ಕೆಟ್ಟರೆ, ಕೆಟ್ಟ ಕನಸು ಬಿದ್ದರೆ, ವಿಪರೀತ ಸಿಟ್ಟು, ಬೇಜಾರು, ಮಂಕು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತಿಳಿಸಿ. ಇನ್ಹೇಲರ್ ಇದ್ದರೆ ಅದನ್ನ ಮಾತ್ರ ನಿಲ್ಲಿಸಬೇಡಿ.’ ಇಷ್ಟು ಹೇಳಲು ಚಿಲ್ಲರೆ ಎಣಿಸುವಷ್ಟು ಹೊತ್ತು ಸಾಕು. ಬದುಕು ಬೇಡವೆನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ಒಬ್ಬರನ್ನೇ ಬಿಡಬೇಡಿ ಎಂದು ಮನೆಯವರಿಗೆ ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಡಿ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.

ಮೂರನೆಯದು, ಸ್ಟ್ರಿಪ್ ಕತ್ತರಿಸುವ ರೀತಿ. ಬಡವರಿಗೆ ಪೂರ್ತಿ ಸ್ಟ್ರಿಪ್ ಕೊಳ್ಳಲಾಗುವುದಿಲ್ಲ, ಬಿಡಿ ಕೊಡುವುದು ನಿಮ್ಮ ದೊಡ್ಡತನ. ಆದರೆ ಔಷಧದ ಹೆಸರನ್ನೂ ಅವಧಿ ಮುಗಿಯುವ ತಿಂಗಳನ್ನೂ ಕವರ್ ಮೇಲೆ ಬರೆದುಕೊಡಿ. ಹೆಸರಿಲ್ಲದ ಮಾತ್ರೆ ಹಿಡಿದು ಬಂದ ಮಗುವಿಗೆ ಏನಾಗಿದೆ ಎಂದು ತಿಳಿಯುವುದು ಯಾವ ವೈದ್ಯರಿಗೂ ಕಷ್ಟ.

ನಾಲ್ಕನೆಯದು, ಒಂದೇ ಔಷಧ ಎರಡು ಹೆಸರಿನಲ್ಲಿ ಒಂದೇ ಮನೆಗೆ ಹೋಗದಂತೆ ನೋಡಿ. ಕಿವಿ, ಮೂಗು, ಗಂಟಲಿನ ವೈದ್ಯರು ಒಂದು ಬ್ರ್ಯಾಂಡ್ ಬರೆದಿರುತ್ತಾರೆ, ಎದೆರೋಗದವರು ಇನ್ನೊಂದು. ಎರಡರಲ್ಲೂ ಮಾಂಟೆಲುಕಾಸ್ಟ್ ಇರುತ್ತದೆ. ಗಿರಾಕಿಗೆ ಅದು ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ದೊಡ್ಡವರ 10 ಮಿಲಿಗ್ರಾಂ ಮಾತ್ರೆಯನ್ನು ಮುರಿದು ಮಗುವಿಗೆ ಕೊಡಿ ಎಂದೂ ಹೇಳಬೇಡಿ. ಎಲ್‌ಸಿಯಲ್ಲಿ ಜೊತೆಗಿರುವ ಲಿವೊಸೆಟ್ರಿಜಿನ್ ಕೂಡ ಆ ತುಂಡಿನಲ್ಲಿ ಸೇರಿರುತ್ತದೆ. ಅದರದ್ದೇ ಬೇರೆ ಎಚ್ಚರಿಕೆಗಳಿವೆ. ಮಂಪರು ತರುತ್ತದೆ, ಬೈಕ್ ಓಡಿಸುವವರಿಗೂ ಮದ್ಯ ಕುಡಿಯುವವರಿಗೂ ಇದನ್ನು ಹೇಳಲೇಬೇಕು. ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಇಳಿಸಬೇಕು. ತಿಂಗಳುಗಟ್ಟಲೆ ನುಂಗಿ ತಟ್ಟನೆ ಬಿಟ್ಟವರಲ್ಲಿ ಕೆಲವರಿಗೆ ಮೈಯೆಲ್ಲ ವಿಪರೀತ ತುರಿಕೆ ಬರುತ್ತದೆಂದು ಎಫ್‌ಡಿಎ 2025ರ ಮೇ ತಿಂಗಳಲ್ಲಿ ತಿಳಿಸಿದೆ. ತುರಿಕೆ ಬಂತೆಂದು ಮತ್ತೆ ಎಲ್‌ಸಿ ಕೇಳಿಕೊಂಡು ಬರುವವರು ನಿಮ್ಮಲ್ಲಿಗೇ ಬರುತ್ತಾರೆ. ಅವರಿಗೂ ವೈದ್ಯರ ದಾರಿ ತೋರಿಸಿ.

ಐದನೆಯದು, ಏದುಸಿರು ಬಿಡುತ್ತಾ ಬಂದವರಿಗೆ ಈ ಮಾತ್ರೆ ಕೊಟ್ಟು ಮನೆಗೆ ಕಳಿಸಬೇಡಿ. ಒಂದು ವಾಕ್ಯ ಮುಗಿಸಲಾಗದವರು, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಸೇದುವ ಮಗು, ತುಟಿ ನೀಲಿಗಟ್ಟಿದವರು ಆಸ್ಪತ್ರೆಗೆ ಹೋಗಬೇಕು. ಅವರ ಬಳಿ ವೈದ್ಯರು ಕೊಟ್ಟ ರಿಲೀವರ್ ಇನ್ಹೇಲರ್ ಇದ್ದರೆ ಸ್ಪೇಸರ್ ಹಚ್ಚಿ ತೆಗೆದುಕೊಳ್ಳಲು ಹೇಳಿ, 108ಕ್ಕೆ ಕರೆ ಮಾಡಿ.

ಆರನೆಯದು, ಇನ್ಹೇಲರ್ ಪರವಾಗಿ ಒಂದು ಒಳ್ಳೆಯ ಮಾತು. ಮಾಂಟೆಲುಕಾಸ್ಟ್ ಇಷ್ಟೊಂದು ಖರ್ಚಾಗುವುದಕ್ಕೆ ಒಂದು ಕಾರಣ, ಇನ್ಹೇಲರ್ ಎಂದರೆ ನಮ್ಮ ಜನಕ್ಕಿರುವ ಭಯ. ‘ಒಂದ್ಸಲ ಹಿಡಿದರೆ ಬಿಡೋಕಾಗಲ್ಲ’, ‘ಹುಡುಗಿ ಕೈಲಿ ಪಂಪ್ ನೋಡಿದರೆ ಮದುವೆ ಆಗುತ್ತಾ?’ ಎಂಬ ಮಾತುಗಳು ನಿಮಗೂ ಗೊತ್ತು. ಹಾಗಾಗಿ ಪಂಪ್ ಬಿಟ್ಟು ಮಾತ್ರೆ ಹಿಡಿಯುತ್ತಾರೆ. ಆದರೆ ಲೆಕ್ಕ ನೋಡಿ. ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ ಔಷಧವಿದ್ದರೆ, ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಅದೂ ಮೈಯೆಲ್ಲ ಸುತ್ತದೆ ಎದೆಗೇ ಹೋಗುತ್ತದೆ. ತಡೆಯುವ ಸ್ಟೀರಾಯ್ಡ್ ಇನ್ಹೇಲರ್ ಕೂಡ ಇದೇ ರೀತಿ ಅಲ್ಪ ಪ್ರಮಾಣದಲ್ಲಿ ಬೇಕಾದಲ್ಲಿಗೇ ತಲುಪುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಶೇ 13ರ ಆಸುಪಾಸು. ಆದರೆ ಆಸ್ತಮಾದಿಂದ ಸಾಯುವವರಲ್ಲಿ ನಮ್ಮವರು ಶೇ 40ಕ್ಕೂ ಹೆಚ್ಚು ಎಂದು ಜಾಗತಿಕ ರೋಗಭಾರದ ಅಂದಾಜುಗಳು ಹೇಳುತ್ತವೆ. ಇನ್ಹೇಲರ್ ಸಿಗಬೇಕಾದವರಿಗೆ ಸಿಗದಿರುವುದು, ಸಿಕ್ಕಿದರೂ ಅವರು ಬಿಟ್ಟುಬಿಡುವುದು ಇದರ ದೊಡ್ಡ ಕಾರಣಗಳು. ‘ಹೆದರಬೇಡಿ, ಇದು ಅಭ್ಯಾಸ ಆಗಲ್ಲ’ ಎಂದು ನೀವು ಕೌಂಟರ್‌ನಲ್ಲಿ ಹೇಳಿದರೆ ಊರಿನವರು ನಂಬುತ್ತಾರೆ. ಸ್ಪೇಸರ್ ಹಿಡಿಯುವುದು ಹೇಗೆ, ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು ಏಕೆ ಎಂದು ಒಮ್ಮೆ ತೋರಿಸಿಕೊಡಿ.

ಕೊನೆಯದು, ತೊಂದರೆ ಕಂಡರೆ ವರದಿ ಮಾಡಿ. ಔಷಧಗಳ ಅಡ್ಡಪರಿಣಾಮ ದಾಖಲಿಸಲು ನಮ್ಮ ದೇಶದಲ್ಲಿ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. 1800-180-3024ಕ್ಕೆ ವೈದ್ಯರು, ಫಾರ್ಮಸಿಸ್ಟರು, ರೋಗಿಯ ಮನೆಯವರು ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಮಾಂಟೆಲುಕಾಸ್ಟ್ ಬಗ್ಗೆ ಜಗತ್ತು ಎಚ್ಚೆತ್ತದ್ದು ಹೀಗೆ ಒಂದೊಂದಾಗಿ ಬಂದ ವರದಿಗಳಿಂದ. ನಮ್ಮ ಮಕ್ಕಳ ಅನುಭವವೂ ದಾಖಲಾಗಲಿ.

ನಿಮ್ಮ ಕಷ್ಟ ನನಗೆ ಗೊತ್ತಿದೆ. ಸಂಜೆ ಏಳಕ್ಕೆ ಕೌಂಟರ್ ಮುಂದೆ ಹತ್ತು ಜನ ಕೈಚಾಚಿ ನಿಂತಿರುವಾಗ ಪಾಠ ಹೇಳಲು ಆಗುವುದಿಲ್ಲ. ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ. ಅಡ್ಡಪರಿಣಾಮದ ಮಾತೆತ್ತಿದರೆ ‘ನನ್ನ ರೋಗಿಯನ್ನು ಹೆದರಿಸಿದ್ದೀರಿ’ ಎಂದು ವೈದ್ಯರೇ ರೇಗುವುದೂ ಉಂಟು. ಅದಕ್ಕೇ ಈ ಕೆಲಸ ಒಬ್ಬರಿಂದಾಗದು, ಒಂದು ಊರಿನ ಅಂಗಡಿಯವರೆಲ್ಲ ಸೇರಿ ಮಾಡಬೇಕು. ನಿಮ್ಮ ತಾಲ್ಲೂಕು ಸಂಘದ ಸಭೆಯಲ್ಲಿ ವಿಷಯ ಎತ್ತಿ, ಎಲ್ಲರೂ ಒಂದೇ ಮಾತು ಹೇಳುವುದೆಂದು ಒಪ್ಪಿಕೊಳ್ಳಿ. ಮೇಲಿನ ಎರಡು ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರ್ ಗಾಜಿಗೆ ಅಂಟಿಸಿ. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ವೃತ್ತಿಯ ಭಾಗವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೇಳುತ್ತವೆ. ಈ ಮಾತು ಹೇಳಲು ನಿಮಗೆ ಯಾವ ವೈದ್ಯರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಕಡೆಯ ಕೆಲಸವನ್ನೂ ನಾವು ಮಾಡಬೇಕು. ನನ್ನ ಚೀಟಿಯಲ್ಲಿ ಮಾಂಟೆಲುಕಾಸ್ಟ್ ಬರೆದಾಗ ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ, ಮತ್ತೆ ಯಾವಾಗ ಬರಬೇಕು ಎಂದು ಕನ್ನಡದಲ್ಲಿ ಬರೆಯುತ್ತೇನೆ. ಊರಿನ ಇತರ ವೈದ್ಯರನ್ನೂ ಹಾಗೆ ಬರೆಯುವಂತೆ ಕೇಳುತ್ತೇನೆ. ದಿನದ ಲೆಕ್ಕವಿಲ್ಲದ ಚೀಟಿ ನಿಮ್ಮ ಕೈಗೆ ಬಂದರೆ, ಅದು ಯಾರದ್ದೇ ಇರಲಿ, ಫೋನ್ ಮಾಡಿ ಕೇಳಿ. ಮಗುವಿನ ಹಿತಕ್ಕಾಗಿ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಚೀಟಿಯಲ್ಲಿ ಬರೆದ ದಿನ ಮುಗಿದ ಮೇಲೆ ಆ ಸ್ಟ್ರಿಪ್ ಮತ್ತೆ ನಿಮ್ಮ ಕೌಂಟರ್‌ಗೆ ಬಂದರೆ ಕೊಡಬೇಡಿ, ಮಗುವನ್ನು ನಮ್ಮ ಹತ್ತಿರ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸದ,
ಒಬ್ಬ ಮಕ್ಕಳ ವೈದ್ಯೆ